ನಂದಿಯ ನೆಲ, ಬೀಟೆಯ ಅಂಚು: ಮಡಿಕೇರಿ ಸಮೀಪದ ಮನೆಯೊಂದರಲ್ಲಿ ಮರದ ನೆಲವನ್ನು ಕೆಡಿಸಿ ಸರಿಪಡಿಸಿದ ಪ್ರಕರಣ

ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಇರುವ ನನ್ನ ಅಕ್ಕನ ಮನೆಯ ಮುಂದಿನ ಕೋಣೆಗೆ ಮರದ ನೆಲವಿದೆ. 18 ಅಡಿ ಉದ್ದ, 14 ಅಡಿ ಅಗಲದ ಆ ಕೋಣೆಯ ನಡುಭಾಗಕ್ಕೆಲ್ಲ ನಂದಿ ಮರದ ಹಲಗೆಗಳು. ಗೋಡೆಗೆ ಹೊಂದಿಕೊಂಡಂತೆ ನಾಲ್ಕೂ ಬದಿಗೆ ಎರಡೆರಡು ಸಾಲು ಬೀಟೆ ಹಲಗೆಗಳು. ನಂದಿಯ ಹಲಗೆ 5 ಇಂಚು ಅಗಲ, 1 ಇಂಚು ದಪ್ಪ. ಒಂದರೊಳಗೊಂದು ಸಿಕ್ಕಿಸುವ ಜೋಡಣೆ ಇಲ್ಲ. ಪಕ್ಕಪಕ್ಕಕ್ಕೆ ಕೂರಿಸಿ ಮೇಲಿನಿಂದಲೇ ಜಂತೆಗಳಿಗೆ ಮೊಳೆ ಹೊಡೆದಿದ್ದಾರೆ. ಎರಡೂವರೆ ಅಡಿ ಎತ್ತರದ ಕಲ್ಲಿನ ಅಡಿಪಾಯದ ಮೇಲೆ ಜಂತೆಗಳಿವೆ. ಅವುಗಳ ಕೆಳಗೆ ಬರಿ ಮಣ್ಣು, ಅಡಿಪಾಯದ ಕಲ್ಲಿನಲ್ಲಿ ಒಟ್ಟು ಆರು ಗಾಳಿಕಿಂಡಿಗಳು. ಈ ಕಿಂಡಿಗಳ ವಿಷಯ ಮುಂದೆ ಬಹಳ ಮುಖ್ಯವಾಗುವುದರಿಂದ ಇಲ್ಲೇ ಹೇಳಿದ್ದೇನೆ. ಕೆಲಸ ಶುರುಮಾಡುವಾಗ ನಾವು ಯಾರೂ ಬಗ್ಗಿ ಅವುಗಳನ್ನು ನೋಡಿರಲಿಲ್ಲ.

ಹಳೆಯ ಪಾಲಿಶ್ ಕಪ್ಪಾಗಿ, ನಡೆದಾಡುವ ದಾರಿಯಲ್ಲಿ ಪೂರ್ತಿ ಸವೆದುಹೋಗಿತ್ತು. ಹುತ್ತರಿಗೆ ಮೊದಲು ನೆಲವನ್ನು ಉಜ್ಜಿಸಿ ಹೊಸ ವಾರ್ನಿಶ್ ಹಾಕಬೇಕೆಂದು ಅಕ್ಕ ಮತ್ತು ಭಾವ ತೀರ್ಮಾನಿಸಿದರು. ಮನೆಯ ಮರಗೆಲಸವನ್ನು ಮೊದಲಿನಿಂದಲೂ ಇಷ್ಟಪಟ್ಟು ಮಾಡುತ್ತಿದ್ದ ನಾನು ಜವಾಬ್ದಾರಿ ಹೊತ್ತುಕೊಂಡೆ. ಮೈಸೂರಿನಿಂದ ಉರುಳೆಯ ಸ್ಯಾಂಡಿಂಗ್ ಯಂತ್ರವನ್ನು ಬಾಡಿಗೆಗೆ ತಂದೆವು. ಸೆಪ್ಟೆಂಬರ್ ಕೊನೆಯ ವಾರವದು. ಮಳೆ ಹಿಮ್ಮೆಟ್ಟಿ ನಾಲ್ಕು ದಿನ ಬಿಸಿಲು ಕಂಡಿತ್ತು. ಬಾಡಿಗೆ ದಿನದ ಲೆಕ್ಕದಲ್ಲಿತ್ತು, ಮತ್ತೆ ಮಳೆ ಬರುವ ಭಯವೂ ಇತ್ತು. ಈ ಪ್ರಕರಣದಲ್ಲಿ ಆದ ನಾಲ್ಕು ತಪ್ಪುಗಳ ಪೈಕಿ ಮೂರರ ಬೇರು ಆ ಅವಸರದಲ್ಲಿದೆ. ಉಳಿದ ಒಂದು, ಮರವನ್ನು ಅರಿಯದೆ ಆದದ್ದು.

ಮೊದಲ ಎರಡು ತಪ್ಪುಗಳು ಯಂತ್ರದ ಕೆಲಸಕ್ಕೆ ಸೇರಿದವು. ಒರಟಾದ 40 ನಂಬರಿನ ಸ್ಯಾಂಡ್ ಪೇಪರ್ ಕಾಗದದಿಂದ (ನಂಬರು ಹೆಚ್ಚಿದಷ್ಟೂ ಕಾಗದ ನಯ) ಹಳೆಯ ಪಾಲಿಶ್ ತೆಗೆದ ಬಳಿಕ 60, 80, 100 ಎಂದು ಒಂದೊಂದೇ ಮೆಟ್ಟಿಲು ನಯಕ್ಕೆ ಇಳಿಯಬೇಕು; ಪ್ರತಿ ಕಾಗದದ ಕೆಲಸ ಹಿಂದಿನ ಕಾಗದ ಬಿಟ್ಟ ಗೀರುಗಳನ್ನು ಅಳಿಸುವುದು. ನಮ್ಮಲ್ಲಿದ್ದ 60ರ ಕಾಗದ ಮುಗಿಯಿತು, 80ರದು ತಂದಿರಲೇ ಇಲ್ಲ. 40ರಿಂದ ನೇರವಾಗಿ 100ಕ್ಕೆ ಹೋದೆ. ಹಗಲು ಬೆಳಕಿನಲ್ಲಿ ನೆಲ ನಯವಾಗಿಯೇ ಕಂಡಿತು. 100 ನಂಬರಿನ ಕಾಗದ 40ರ ಗೀರಿನ ದಿಣ್ಣೆಗಳನ್ನು ಸವರಿ ಹೊಳಪು ಕೊಡುತ್ತದೆಯೇ ಹೊರತು ಗೀರಿನ ತಳದವರೆಗೆ ಮರವನ್ನು ತೆಗೆಯುವುದಿಲ್ಲ ಎಂಬುದು ಮೊದಲ ಕೋಟ್ ವಾರ್ನಿಶ್ ಬಿದ್ದ ಸಂಜೆ ತಿಳಿಯಿತು: ಕಿಟಕಿಯಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ ಕೋಣೆಯ ಉದ್ದಕ್ಕೂ ಬಾಚಣಿಗೆ ಎಳೆದಂತೆ ಸಮಾನಾಂತರ ಗೀರುಗಳು ಕಂಡವು.

ಎರಡನೆಯದು ಬಾಗಿಲ ಬಳಿಯ ತಗ್ಗು. ಉರುಳೆಯ ಯಂತ್ರವನ್ನು ಮುಂದೆ ನಡೆಸುತ್ತಿರುವಾಗಲೇ ಕೆಳಗಿಳಿಸಬೇಕು, ನಿಲ್ಲುವ ಮೊದಲೇ ಮೇಲೆತ್ತಬೇಕು. ವೈರು ಕಾಲಿಗೆ ಸಿಕ್ಕಿದಾಗ ನಾನು ಎರಡು ಕ್ಷಣ ನಿಂತೆ, ಯಂತ್ರ ನೆಲದ ಮೇಲೆಯೇ ಇತ್ತು. ಅಷ್ಟು ಹೊತ್ತಿನಲ್ಲಿ ಒಂದೂವರೆ ಮಿಲಿಮೀಟರ್ ಆಳದ ಅಡ್ಡ ತಗ್ಗು ಬಿತ್ತು. ಒಮ್ಮೆ ಇಡೀ ನೆಲ ಉಜ್ಜುವಾಗ ಹೋಗುವ ಮರ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ಕಡಿಮೆ ಎಂಬುದನ್ನು ನೆನೆದರೆ ಆ ಎರಡು ಕ್ಷಣಗಳ ಬೆಲೆ ಅರ್ಥವಾಗುತ್ತದೆ.

ಮೂರನೆಯ ತಪ್ಪು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು. ನಾವು ಹಾಕಿದ್ದು ಒಂದೇ ಡಬ್ಬಿಯಲ್ಲಿ ಬರುವ, ಎಣ್ಣೆ ಆಧಾರದ ಪಾಲಿಯುರೆಥೇನ್ ವಾರ್ನಿಶ್. ಅಕ್ಟೋಬರ್ ಮೊದಲ ವಾರ ಮೊದಲ ಕೋಟ್ ಆಯಿತು. ಎರಡನೆಯ ದಿನಕ್ಕೆ ನಂದಿಯ ಹಲಗೆಗಳ ಮೇಲೆ ಬರಿಗಾಲಿನಲ್ಲಿ ನಡೆಯಬಹುದಾಗಿತ್ತು. ಐದನೆಯ ದಿನವೂ ಬೀಟೆಯ ಅಂಚು ಹಲಸಿನ ಮೇಣದಂತೆ ಬೆರಳಿಗೆ ಅಂಟುತ್ತಿತ್ತು. ಕೋಣೆಯಲ್ಲಿಟ್ಟಿದ್ದ ಆರ್ದ್ರತಾ ಮಾಪಕ ಶೇ 84 ತೋರಿಸುತ್ತಿದ್ದುದರಿಂದ ಎಲ್ಲರೂ ಥಂಡಿಯನ್ನೇ ದೂರಿದೆವು. ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಒಣಗದ್ದಕ್ಕೆಲ್ಲ ಥಂಡಿಯನ್ನು ದೂರುವುದು ಸಹಜ. ಎರಡು ರಾತ್ರಿ ಕೋಣೆಯಲ್ಲಿ ಹೀಟರ್ ಉರಿಸಿದೆವು, ಫ್ಯಾನು ತಿರುಗಿಸಿದೆವು. ಅಂಟು ಹಾಗೆಯೇ ಇತ್ತು. ಮೇಲೊಂದು ಕೋಟ್ ಹಾಕಿದರೆ ಎಲ್ಲ ಒಟ್ಟಿಗೆ ಗಟ್ಟಿಯಾದೀತು ಎಂದು ಭಾವ ಹೇಳಿದರು. ಅದಕ್ಕೆ ನಾನು ಒಪ್ಪದಿದ್ದುದು ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ. ಒಣಗದ ಪದರದ ಮೇಲೆ ಇನ್ನೊಂದು ಪದರ ಬಿದ್ದರೆ ಕೆಳಗಿನದಕ್ಕೆ ಗಾಳಿಯೇ ಸಿಗುವುದಿಲ್ಲ. ಮೇಲಿನದು ಗಟ್ಟಿಯಾದರೂ ಮೆತ್ತನೆಯ ತಳದ ಮೇಲೆ ಸುಕ್ಕುಗಟ್ಟಿ ಸಿಪ್ಪೆ ಏಳುತ್ತದೆ.

ಆ ದಿನ ಮಧ್ಯಾಹ್ನ ನೆಲದ ಮೇಲೆ ಮಂಡಿಯೂರಿ, ನಂದಿಯಿಂದ ಬೀಟೆಯ ಕಡೆಗೆ ಬೆರಳನ್ನು ನಿಧಾನವಾಗಿ ಎಳೆಯುತ್ತ ಬಂದೆ. ಅಂಟು ಶುರುವಾಗುತ್ತಿದ್ದುದು ಸರಿಯಾಗಿ ಎರಡು ಮರಗಳ ಸಂದಿನಲ್ಲಿ. ಒಂದು ನೂಲಿನಷ್ಟೂ ಆಚೆ ಈಚೆ ಇರಲಿಲ್ಲ. ನಾಲ್ಕೂ ಗೋಡೆಗಳ ಬಳಿ ಹೀಗೆಯೇ ಇತ್ತು. ಗಾಳಿಯ ತೇವ ಕಾರಣವಾಗಿದ್ದರೆ ಅದು ಮೂಲೆಯಲ್ಲಿ ಹೆಚ್ಚು, ಕಿಟಕಿಯ ಬಳಿ ಕಡಿಮೆ ಎಂಬಂತೆ ಹರಡಿರಬೇಕಿತ್ತು. ಹಲಗೆಯ ಸಂದನ್ನು ನೋಡಿ ಅದು ನಿಲ್ಲುವುದಿಲ್ಲ. ದೋಷದ ಗಡಿ ಮರದ ಗಡಿಯೇ ಆಗಿದ್ದರೆ ಕಾರಣವೂ ಮರದೊಳಗೇ ಇರಬೇಕು ಎಂದು ಆಗ ಹೊಳೆಯಿತು.

ಎಣ್ಣೆ ಆಧಾರದ ವಾರ್ನಿಶ್ ನೀರಿನಂತೆ ಆವಿಯಾಗಿ ಒಣಗುವ ವಸ್ತುವಲ್ಲ. ಅದರಲ್ಲಿರುವ ತೆಳುಕಾರಕ ಮೊದಲ ಕೆಲವು ಗಂಟೆಗಳಲ್ಲಿ ಹಾರಿಹೋಗುತ್ತದೆ, ಆದರೆ ಪದರ ಗಟ್ಟಿಯಾಗುವುದು ಎಣ್ಣೆಯು ಗಾಳಿಯ ಆಮ್ಲಜನಕದೊಂದಿಗೆ ಸರಪಣಿಯಂತೆ ಮುಂದುವರಿಯುವ ರಾಸಾಯನಿಕ ಕ್ರಿಯೆ ನಡೆಸಿ ಜಾಲ ಕಟ್ಟಿದಾಗ. ಬೀಟೆ ಮತ್ತು ಅದರ ಕುಲದ ಮರಗಳ ಕೆಚ್ಚಿನಲ್ಲಿ ಈ ಸರಪಣಿಯನ್ನು ನಡುವೆಯೇ ಕಡಿಯುವ ನೈಸರ್ಗಿಕ ಸಾರಗಳಿವೆ. ಕೆಚ್ಚಿನಲ್ಲಿ ತುಂಬಿಕೊಂಡ ಸಾರಗಳಿಂದಲೇ ಬೀಟೆಗೆ ಆ ಬಣ್ಣ, ಆ ಪರಿಮಳ, ಹುಳು ಮತ್ತು ಕೊಳೆತವನ್ನು ತಡೆಯುವ ಆ ಶಕ್ತಿ. ಅವುಗಳಲ್ಲಿ ಕೆಲವು ವಾರ್ನಿಶ್‌ಗೆ ಶತ್ರುಗಳು. ಹಳೆಯ ಪಾಲಿಶ್ ಉಜ್ಜಿ ಹೊಸ ಮರದ ಮುಖ ತೆರೆದಷ್ಟೂ ಆ ಸಾರ ಹೆಚ್ಚು ತಾಜಾ ಆಗಿ ಮೇಲೆ ಸಿಗುತ್ತದೆ. ಹಾಗಾದರೆ ಹಿಂದಿನವರು ಇದೇ ಬೀಟೆಗೆ ಹಾಕಿದ ಪಾಲಿಶ್ ಇಷ್ಟು ಕಾಲ ಹೇಗೆ ಉಳಿಯಿತು? ಗೋಡೆಯ ಕಪಾಟಿನ ಅಡಿಯಲ್ಲಿ ಯಂತ್ರ ತಲುಪದೆ ಉಳಿದಿದ್ದ ಹಳೆಯ ಪಾಲಿಶ್ ಮೇಲೆ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ಹಿಡಿದೆ. ಅರ್ಧ ನಿಮಿಷದಲ್ಲಿ ಅದು ಕರಗಿ ಹತ್ತಿಗೆ ಕಂದು ಬಣ್ಣ ಬಂತು. ಸ್ಪಿರಿಟ್‌ಗೆ ಹೀಗೆ ಕರಗುವುದು ಅರಗಿನ ಪಾಲಿಶ್. ಅರಗು ಗಟ್ಟಿಯಾಗುವುದು ಸ್ಪಿರಿಟ್ ಆವಿಯಾಗುವುದರಿಂದ ಮಾತ್ರ, ಅದಕ್ಕೆ ಆಮ್ಲಜನಕದ ಹಂಗಿಲ್ಲ. ಬೀಟೆಯ ಸಾರ ಅದನ್ನು ಏನೂ ಮಾಡಲಾರದು. ಉತ್ತರ ಆ ನೆಲದ ಮೇಲೆಯೇ ಇತ್ತು, ನಾವು ಅದನ್ನು ಉಜ್ಜಿ ಹಾಕಿದ್ದೆವು.

ಆದರೂ ನೇರವಾಗಿ ನೆಲಕ್ಕೆ ಕೈಹಾಕದೆ ಪರೀಕ್ಷೆ ಮಾಡಿ ನೋಡಿದೆವು. ಅಟ್ಟದಲ್ಲಿ ಹಳೆಯ ಬೀಟೆಯ ತುಂಡೊಂದಿತ್ತು. ಅದನ್ನು ಮೂರು ಭಾಗ ಮಾಡಿ ಒಂದನ್ನು ಬರಿದಾಗಿಯೇ ಬಿಟ್ಟೆ, ಇನ್ನೊಂದನ್ನು ಥಿನ್ನರ್ ಬಟ್ಟೆಯಿಂದ ಚೆನ್ನಾಗಿ ಒರೆಸಿದೆ, ಮೂರನೆಯದಕ್ಕೆ ಅರಗಿನ ಎರಡು ತೆಳು ಕೋಟ್ ಕೊಟ್ಟೆ. ಮೂರಕ್ಕೂ ಒಂದೇ ಡಬ್ಬಿಯ ವಾರ್ನಿಶ್. ಎರಡು ದಿನ ಕಳೆದ ಮೇಲೆ ಮೊದಲನೆಯದು ಅಂಟುತ್ತಿತ್ತು. ಎರಡನೆಯದು ಸ್ವಲ್ಪ ವಾಸಿ, ಆದರೆ ಉಗುರಿನ ಗುರುತು ನಿಲ್ಲುತ್ತಿತ್ತು. ಮೂರನೆಯದು ಕಲ್ಲಿನಂತೆ ಗಟ್ಟಿಯಾಗಿತ್ತು. ಅದೇ ಕೋಣೆ, ಅದೇ ಥಂಡಿ.

ಬೀಟೆಯ ಮೇಲಿನ ಅಂಟನ್ನು ತೆಗೆಯುವುದು ತಾಳ್ಮೆಯ ಕೆಲಸವಾಯಿತು. ಒಣಗದ ವಾರ್ನಿಶ್ ಮೇಲೆ ಸ್ಯಾಂಡ್ ಪೇಪರ್ ಓಡಿಸಿದರೆ ಕಾಗದ ಒಂದೇ ನಿಮಿಷದಲ್ಲಿ ಮುಚ್ಚಿಹೋಗುತ್ತದೆ, ಬಿಸಿಗೆ ಕರಗಿದ ಅಂಟು ಮರದ ರಂಧ್ರಗಳಿಗೆ ಇಳಿಯುತ್ತದೆ. ಆದ್ದರಿಂದ ಥಿನ್ನರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಒಂದೊಂದು ಅಡಿ ಜಾಗಕ್ಕೆ ಹಾಸಿ, ಪದರ ಸಡಿಲವಾದ ಕೂಡಲೇ ಉಕ್ಕಿನ ತೆಳು ತಗಡಿನಿಂದ ಎಳೆಯ ದಿಕ್ಕಿನಲ್ಲೇ ಹೆರೆದು ತೆಗೆದೆವು. ಎಲ್ಲ ಕಿಟಕಿ ತೆರೆದು, ಪಕ್ಕದ ಅಡುಗೆಮನೆಯ ಒಲೆ ಆರಿಸಿಯೇ ಈ ಕೆಲಸ ಮಾಡಬೇಕು. ವಾರ್ನಿಶ್ ಹತ್ತಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು: ಎಣ್ಣೆ ಗಾಳಿಯೊಂದಿಗೆ ಕೂಡುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗಿನ ಬಿಸಿಗೆ ಹೊರಹೋಗಲು ದಾರಿ ಇಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಾವು ಪ್ರತಿಯೊಂದನ್ನೂ ಬಿಡಿಸಿ ಹೊರಗೆ ಬೇಲಿಯ ತಂತಿಗೆ ಹರಡಿ, ಗಟ್ಟಿಯಾದ ಮೇಲೆ ನೀರಿನ ಬಕೆಟ್‌ಗೆ ಹಾಕಿದೆವು. ಮರದ ಮನೆಯಲ್ಲಿ ಈ ಒಂದು ಎಚ್ಚರಿಕೆಯನ್ನು ಯಾವ ಕಾರಣಕ್ಕೂ ಬಿಡಬಾರದೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ಬೀಟೆಯ ಪುಡಿಯೂ ನಿರಪಾಯಕಾರಿಯಲ್ಲ. ಮೊದಲ ದಿನ ಮುಖಕವಚ ಮಾತ್ರ ಹಾಕಿದ್ದ ನನ್ನ ಮುಂಗೈಗಳಲ್ಲಿ ತುರಿಕೆಯ ದದ್ದುಗಳೆದ್ದು ವಾರವಿಡೀ ಉಳಿದವು. ಆಮೇಲೆ ಪೂರ್ತಿ ತೋಳಿನ ಅಂಗಿ ತೊಟ್ಟೇ ಕೆಲಸ ಮಾಡಿದೆ.

ಅರಗಿನ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ಶೆಲ್ಯಾಕ್ ಎಂಬ ಹೆಸರಿನಲ್ಲಿ ಸಿಗುವ ಸಾಮಾನ್ಯ ಅರಗಿನಲ್ಲಿ ಸಹಜವಾದ ಮೇಣದ ಅಂಶ ಇರುತ್ತದೆ, ಪಾಲಿಯುರೆಥೇನ್ ಮೇಣದ ಮೇಲೆ ಕಚ್ಚಿ ನಿಲ್ಲುವುದಿಲ್ಲ. ಮೇಣ ತೆಗೆದ ಅರಗು ನಮಗೆ ಮಡಿಕೇರಿಯಲ್ಲಿ ಸಿಗಲಿಲ್ಲ. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಅರಗು ಹಾಕಿ ಗಾಜಿನ ಬಾಟಲಿಯಲ್ಲಿ ಕರಗಿಸಿ ಕೆಲವು ದಿನ ಅಲುಗಾಡಿಸದೆ ಇಟ್ಟೆವು. ಮೇಣ ಮೋಡದಂತೆ ತಳಕ್ಕೆ ಇಳಿಯಿತು, ಮೇಲಿನ ತಿಳಿಯನ್ನು ಮಾತ್ರ ನಿಧಾನವಾಗಿ ಬೇರೆ ಬಾಟಲಿಗೆ ಬಗ್ಗಿಸಿಕೊಂಡೆವು. ಥಂಡಿ ಹೆಚ್ಚಿರುವಾಗ ಅರಗು ಬಿಳಿಚಿಕೊಳ್ಳುವುದರಿಂದ ಬಿಸಿಲಿನ ದಿನ ಹನ್ನೊಂದರಿಂದ ಮೂರು ಗಂಟೆಯೊಳಗೆ ಬಳಿದೆವು. ಸ್ಪಿರಿಟ್ ಬೀಟೆಯ ನೇರಳೆಗಪ್ಪು ಬಣ್ಣವನ್ನೂ ಎಳೆದು ತರುತ್ತದೆ. ಬಟ್ಟೆ ಸಂದು ದಾಟಿ ನಂದಿಯ ಮೇಲೆ ಹೋದರೆ ಅಲ್ಲಿ ಕಲೆ ನಿಲ್ಲುತ್ತದೆ. ಸಂದಿನ ಉದ್ದಕ್ಕೂ ಕಾಗದದ ಅಂಟುಪಟ್ಟಿ ಹಚ್ಚಿ, ಕೈಯನ್ನು ಯಾವಾಗಲೂ ಅಂಚಿಗೆ ಸಮಾನಾಂತರವಾಗಿ ನಡೆಸಿದೆವು. ಬೀಟೆ ಹಲಗೆಗಳನ್ನು ಕಿತ್ತು ಬೇರೆ ಮರ ಹಾಕಿಬಿಡಿ ಎಂದು ಹೇಳಿದವರೂ ಇದ್ದರು. ಬೀಟೆಯ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಾಗಿರುವ ಈ ಕಾಲದಲ್ಲಿ ಅಂಥ ಹಲಗೆ ಮತ್ತೆ ಸಿಗುವುದು ಕಷ್ಟ, ಮತ್ತು ಸಿಕ್ಕರೂ ಅದು ಆ ಮನೆಯ ಬೀಟೆಯಾಗಿರುವುದಿಲ್ಲ.

ಅದೇ ದಿನಗಳಲ್ಲಿ ಗೀರು ಮತ್ತು ತಗ್ಗಿನ ಕೆಲಸವೂ ನಡೆಯಿತು. ನಂದಿಯ ಮೇಲಿನ ಮೊದಲ ಕೋಟ್ ಪೂರ್ತಿ ಗಟ್ಟಿಯಾದ ಬಳಿಕ 60ಕ್ಕೆ ಹಿಂದಿರುಗಿ, 80, ಆಮೇಲೆ 100 ಎಂದು ಕ್ರಮವಾಗಿ ಉಜ್ಜಿದೆವು. ಪ್ರತಿ ಕಾಗದಕ್ಕೆ ಮೊದಲು ಹಲಗೆಗಳ ಮೇಲೆ ಅಡ್ಡಡ್ಡವಾಗಿ ಪೆನ್ಸಿಲ್ ಗೆರೆ ಎಳೆದೆವು; ಗೆರೆ ಪೂರ್ತಿ ಅಳಿಯುವವರೆಗೆ ಆ ಕಾಗದದ ಸರದಿ ಮುಗಿಯಲಿಲ್ಲ. ರಾತ್ರಿ ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದು ನೋಡುವುದು ಎಲ್ಲಕ್ಕಿಂತ ನಂಬಲರ್ಹವಾದ ತಪಾಸಣೆ ಎಂದು ನನಗೆ ಈಗ ಅನ್ನಿಸುತ್ತದೆ. ತಗ್ಗನ್ನು ಮರದ ಪುಡಿ ಮತ್ತು ಅಂಟಿನಿಂದ ತುಂಬುವ ಆಸೆಯಾಯಿತು, ಆದರೆ ಅಷ್ಟು ಅಗಲದ ತೆಳು ಲೇಪ ನಡೆದಾಟಕ್ಕೆ ಒಡೆದು ಏಳುತ್ತದೆ. ತಗ್ಗಿನ ಎರಡೂ ಬದಿಗೆ ಮೂರು ಮೂರು ಅಡಿ ದೂರದವರೆಗೆ ಮರವನ್ನು ಸ್ವಲ್ಪಸ್ವಲ್ಪವೇ ಸವರಿ, ಇಳಿಜಾರು ಕಣ್ಣಿಗೆ ಕಾಣದಷ್ಟು ಉದ್ದವಾಗಿ ಹರಡಿದೆವು. ತುಲಾ ಸಂಕ್ರಮಣ ಕಳೆದ ಮೇಲೆ ಆಕಾಶ ತಿಳಿಯಾಯಿತು. ಇಡೀ ನೆಲಕ್ಕೆ ಮೂರು ಕೋಟ್ ಹಾಕಿದೆವು, ಎಲ್ಲೂ ಅಂಟಲಿಲ್ಲ. ಹುತ್ತರಿಗೆ ಬಂದ ನೆಂಟರು ನೆಲವನ್ನು ಮೆಚ್ಚಿದರು, ನಾನು ಸಂತೋಷದಿಂದ ಊರಿಗೆ ಮರಳಿದೆ.

ನಾಲ್ಕನೆಯ ತಪ್ಪು ಅಷ್ಟರಲ್ಲಾಗಲೇ ಆಗಿಹೋಗಿತ್ತು. ಅದು ಕಣ್ಣಿಗೆ ಬಿದ್ದದ್ದು ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ. ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನೆಲ ಅಲೆ ಅಲೆ ಆಗಿದೆ ನೋಡು, ಬರಿಗಾಲಿಗೆ ಗೊತ್ತಾಗ್ತದೆ." ಹೋಗಿ ನೋಡಿದಾಗ ಉತ್ತರದ ಗೋಡೆಯ ಕಡೆಯ ಹಲಗೆಗಳ ನಡುಭಾಗ ಬೆನ್ನಿನಂತೆ ಎದ್ದು ಅಂಚುಗಳು ತಗ್ಗಿದ್ದವು. ಸಂದುಗಳು ಬಿರಿದು ವಾರ್ನಿಶ್ ಪದರ ಸಂದಿನ ಉದ್ದಕ್ಕೂ ಹರಿದಿತ್ತು. ಭಾವ ಅವರ ಪರಿಚಯದ ಹಿರಿಯ ಆಚಾರಿಯೊಬ್ಬರನ್ನು ಕರೆಸಿದರು. ಅವರು ನೆಲವನ್ನು ನೋಡಿ, "ಉಜ್ಜುವ ಮೊದಲು ಹಲಗೆ ಹೇಗಿತ್ತು? ಅಂಚು ಎದ್ದಿತ್ತಾ?" ಎಂದು ಕೇಳಿದರು. ಹೌದು, ಎದ್ದಿತ್ತು. ನಾನು ಅದನ್ನು ಗಮನಿಸಿದ್ದೆ, ಮತ್ತು ವರ್ಷಗಟ್ಟಲೆ ನಡೆದಾಡಿ ಹಲಗೆಯ ನಡು ಸವೆದಿದೆ ಎಂದುಕೊಂಡಿದ್ದೆ. "ಕಪಾಟಿನ ಅಡಿಯಲ್ಲೂ ಹಾಗೇ ಇತ್ತಾ?" ಎಂದು ಅವರು ಮತ್ತೆ ಕೇಳಿದಾಗ ನನಗೆ ತಪ್ಪು ಪೂರ್ತಿಯಾಗಿ ಅರ್ಥವಾಯಿತು. ಯಾರೂ ಕಾಲಿಡದ ಜಾಗದಲ್ಲೂ ನಡು ತಗ್ಗಿದ್ದರೆ ಅದು ಸವೆತವಾಗಿರಲು ಸಾಧ್ಯವಿಲ್ಲ.

ನಡೆದದ್ದು ಹೀಗೆ. ಮರ ತನ್ನ ಸುತ್ತಲಿನ ಗಾಳಿಗೆ ತಕ್ಕಂತೆ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇ 65ರಷ್ಟಿದ್ದಾಗ ಮರದ ತೇವಾಂಶ ಶೇ 12ರ ಸುತ್ತ ನಿಲ್ಲುತ್ತದೆ, ಶೇ 80ರಲ್ಲಿ 16ರ ಸುತ್ತ, ಶೇ 90ರಲ್ಲಿ 20ರ ಸುತ್ತ. ಮಳೆಗಾಲದಲ್ಲಿ ಕೋಣೆಯೊಳಗಿನ ಗಾಳಿಗಿಂತ ನೆಲದ ಅಡಿಯ ಗಾಳಿ ಬಹಳ ಹೆಚ್ಚು ತೇವವಾಗಿದ್ದರೆ ಹಲಗೆಯ ಕೆಳಮೈ ಮೇಲ್ಮೈಗಿಂತ ಹೆಚ್ಚು ಉಬ್ಬುತ್ತದೆ, ಅಂಚುಗಳು ಮೇಲೆದ್ದು ಹಲಗೆ ದೋಣಿಯಂತೆ ಬಾಗುತ್ತದೆ. ಆ ಸ್ಥಿತಿಯಲ್ಲಿ ನಾನು ಯಂತ್ರ ಓಡಿಸಿ ಎದ್ದ ಅಂಚುಗಳನ್ನು ಕತ್ತರಿಸಿ ಮಟ್ಟ ಮಾಡಿದೆ. ಬೇಸಿಗೆಯ ಕಡೆಗೆ ಕೆಳಮೈ ಒಣಗಿ ಹಲಗೆ ತನ್ನ ಸಹಜ ಆಕಾರಕ್ಕೆ ಮರಳಿದಾಗ ಅಂಚಿನಲ್ಲಿ ಮರ ಕಡಿಮೆ, ನಡುವೆ ಹೆಚ್ಚು. ಬೆನ್ನು ಎದ್ದದ್ದಲ್ಲ, ಅಂಚು ಇಲ್ಲವಾದದ್ದು. ಬೆಳೆಗಾರರ ಮನೆಯಲ್ಲಿ ಇದು ಆಯಿತೆಂಬುದು ನನ್ನನ್ನು ಹೆಚ್ಚು ನೋಯಿಸಿತು. ಕಾಫಿಯನ್ನು ಕಣದಲ್ಲಿ ಒಣಗಿಸಿ ತೇವಾಂಶ ಶೇ 10ರಿಂದ 11ಕ್ಕೆ ಇಳಿಯುವವರೆಗೆ ಚೀಲಕ್ಕೆ ತುಂಬದ ಭಾವ, ತನ್ನ ಮನೆಯ ನೆಲದ ತೇವವನ್ನು ಅಳೆಸಬೇಕೆಂದು ನಾನು ಹೇಳಿದ್ದರೆ ಖಂಡಿತ ಅಳೆಸುತ್ತಿದ್ದರು. ಹೇಳಬೇಕಾಗಿದ್ದವನು ನಾನು.

ಅಂದು ಮೊದಲ ಬಾರಿಗೆ ಬಗ್ಗಿ ಗಾಳಿಕಿಂಡಿಗಳನ್ನು ನೋಡಿದೆವು. ಆರರಲ್ಲಿ ನಾಲ್ಕು ಮುಚ್ಚಿದ್ದವು: ಉತ್ತರದ ಮೂರೂ ಕಿಂಡಿಗಳಿಗೆ ಇಲಿ ಬಾರದಂತೆ ಯಾವಾಗಲೋ ತಗಡು ಹೊಡೆದಿದ್ದರು, ಪೂರ್ವದ ಒಂದು ಹೂಕುಂಡಗಳ ಮಣ್ಣಿನಿಂದ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಬೆನ್ನೆದ್ದ ಸಾಲುಗಳು ಉತ್ತರದ ಗೋಡೆಯ ಕಡೆ ಗುಂಪಾಗಿದ್ದುದಕ್ಕೆ ವಿವರಣೆ ಅಲ್ಲೇ ಸಿಕ್ಕಿತು. ತಗಡು ಕಿತ್ತು ಸಣ್ಣ ಕಣ್ಣಿನ ತುಕ್ಕು ಹಿಡಿಯದ ಜಾಲರಿ ಹಾಕಿದೆವು, ಮಣ್ಣು ಬಗೆದು ತೆಗೆದೆವು, ನೆಲದ ಅಡಿಯ ಮಣ್ಣಿನ ಮೇಲೆ ದಪ್ಪ ಪಾಲಿಥಿನ್ ಹಾಳೆ ಹಾಸಿದೆವು.

ತಕ್ಷಣ ಮತ್ತೆ ಯಂತ್ರ ತಂದು ಬೆನ್ನನ್ನು ಉಜ್ಜಿಬಿಡುವುದು ಸುಲಭವಾಗಿತ್ತು, ಭಾವನ ಒತ್ತಾಯವೂ ಹಾಗೇ ಇತ್ತು. ಆಚಾರ್ರು ಬೇಡವೆಂದರು. ಕಿಂಡಿ ತೆರೆದ ಮೇಲೆ ಈ ನೆಲ ಒಂದು ಮಳೆಗಾಲದಲ್ಲಿ ಹೇಗೆ ವರ್ತಿಸುತ್ತದೆಂದು ತಿಳಿಯದೆ ಇನ್ನೊಮ್ಮೆ ಮರ ತೆಗೆದರೆ ಅದೇ ತಪ್ಪನ್ನು ತಿರುಗಿಸಿ ಮಾಡಿದಂತಾಗುತ್ತದೆ ಎಂಬುದು ಅವರ ಅಭಿಪ್ರಾಯ, ಅದು ಸರಿಯೆಂದು ನನಗೂ ಅನ್ನಿಸಿತು. ಮರದ ತೇವ ಅಳೆಯುವ ಎರಡು ಮುಳ್ಳಿನ ಮಾಪಕ ಕೊಂಡೆವು. ಬಾಗಿಲ ಬಳಿಯ ಒಂದು ಹಲಗೆಯ ಮೊಳೆ ತೆಗೆದು ಎತ್ತಿ ನೋಡುವಂತೆ ಮಾಡಿಕೊಂಡು, ಹದಿನೈದು ದಿನಕ್ಕೊಮ್ಮೆ ಮೇಲ್ಮೈ ಮತ್ತು ಕೆಳಮೈ ಎರಡನ್ನೂ ಅಳೆದು ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟಳು. ಜನವರಿಯಲ್ಲಿ ತೇವಾಂಶ ಮೇಲೆ ಶೇ 12, ಕೆಳಗೆ ಶೇ 13 ಇತ್ತು. ಜುಲೈ ಕೊನೆಯಲ್ಲಿ, ಬಿಡದೆ ಸುರಿಯುವ ಕಕ್ಕಡದ ಮಳೆಯಲ್ಲಿ, ಮೇಲೆ 16.5, ಕೆಳಗೆ 18. ಹಲಗೆ ಉಬ್ಬಿತು, ಸಂದುಗಳು ಮುಚ್ಚಿದವು, ಆದರೆ ದೋಣಿಯಾಗಲಿಲ್ಲ. ಬೆನ್ನು ತುಸು ಇಳಿದಂತೆ ಕಂಡಿತು. ಎರಡು ಮೈಗಳ ನಡುವಿನ ಅಂತರ ಚಿಕ್ಕದಾಗಿದ್ದರೆ ಹಲಗೆ ಸಮವಾಗಿ ಉಬ್ಬುತ್ತದೆ, ಬಾಗುವುದಿಲ್ಲ.

ಅದೇ ಮಳೆಗಾಲ ಇನ್ನೊಂದು ಪ್ರಶ್ನೆಗೂ ಉತ್ತರ ಕೊಟ್ಟಿತು. ಜನವರಿಯಲ್ಲಿ ಬಿರಿದ ಸಂದುಗಳನ್ನು ತುಂಬಬೇಕೆಂದು ಭಾವ ಹೇಳಿದ್ದರಿಂದ ಒಂದೇ ಒಂದು ಸಂದನ್ನು ಮರದ ಪುಡಿ ಮತ್ತು ಅಂಟು ಕಲಸಿದ ಲಪ್ಪದಿಂದ ತುಂಬಿ ನೋಡಿದ್ದೆವು. ಜುಲೈ ಹೊತ್ತಿಗೆ ಹಲಗೆಗಳು ಉಬ್ಬಿ ಅದನ್ನು ಹಿಂಡಿ ಮೇಲೆ ತಳ್ಳಿದ್ದವು. ಗಟ್ಟಿಯಾದ ಏಣೊಂದು ಸಂದಿನ ಉದ್ದಕ್ಕೂ ನಿಂತಿತ್ತು, ಪಕ್ಕದ ಹಲಗೆಯ ಅಂಚು ಎರಡು ಕಡೆ ಜಜ್ಜಿತ್ತು. ಕೊಡಗಿನಂಥ ಜಾಗದಲ್ಲಿ ಬೇಸಿಗೆಯ ಸಂದು ಮಳೆಗಾಲದ ಹಲಗೆಗೆ ಬೇಕಾದ ಜಾಗ. ಅದನ್ನು ಖಾಲಿ ಬಿಡುವುದೇ ಸರಿ.

ಎರಡನೆಯ ದುರಸ್ತಿ ನಡೆದದ್ದು ಆ ಡಿಸೆಂಬರಿನಲ್ಲಿ, ಮೇಲೆ 13, ಕೆಳಗೆ 13.5 ಇದ್ದಾಗ. ಉಕ್ಕಿನ ಉದ್ದನೆಯ ಸ್ಕೇಲನ್ನು ಪ್ರತಿ ಹಲಗೆಗೆ ಅಡ್ಡವಾಗಿ ನಿಲ್ಲಿಸಿ, ಅಂಚಿನಲ್ಲಿ ಉಳಿದ ಸಂದಿಗೆ ಎಷ್ಟು ಕಾಗದದ ಹಾಳೆ ತೂರುತ್ತದೆಂದು ಎಣಿಸಿದೆವು. ಸಾಮಾನ್ಯ ಬರೆಯುವ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ ಇರುವುದರಿಂದ ಲೆಕ್ಕ ಸುಲಭ. ಮೂವತ್ತು ಸಾಲುಗಳಲ್ಲಿ ಹನ್ನೊಂದರಲ್ಲಿ ಮಾತ್ರ ಐದು ಹಾಳೆಗಿಂತ ಹೆಚ್ಚು ಹೋಯಿತು. ಉಳಿದ ಹತ್ತೊಂಬತ್ತನ್ನು ಮುಟ್ಟಬಾರದೆಂದು ನಿರ್ಧರಿಸಿದೆವು. ಅರ್ಧ ಮಿಲಿಮೀಟರಿನ ಏರಿಳಿತ ಕಾಲಿಗೆ ತಿಳಿಯುವುದಿಲ್ಲ, ಆದರೆ ಅದನ್ನು ತೆಗೆಯಲು ಕಳೆದುಕೊಳ್ಳುವ ಮರ ಮತ್ತೆ ಬರುವುದಿಲ್ಲ. ಬಾಗಿಲ ಬಳಿ ಹಲಗೆಯ ದಪ್ಪ ಅಳೆದಾಗ 25 ಮಿಲಿಮೀಟರಿನಲ್ಲಿ 22.5 ಉಳಿದಿತ್ತು.

ಈ ಬಾರಿ ಉರುಳೆಯ ಯಂತ್ರ ತರಲಿಲ್ಲ. ಮೊಳೆಯ ತಲೆಗಳನ್ನು ಉಕ್ಕಿನ ಪಂಚ್‌ನಿಂದ ಎರಡು ಮಿಲಿಮೀಟರ್ ಒಳಕ್ಕೆ ಇಳಿಸಿದೆವು. ಇಲ್ಲವಾದರೆ ಕಾಗದ ಹರಿಯುತ್ತದೆ, ಮೊಳೆ ಹೊಳೆದು ಕಪ್ಪು ಕಲೆ ಬಿಡುತ್ತದೆ. ಬೆನ್ನನ್ನು ಮೊದಲು ತಗಡಿನಿಂದ ಹೆರೆದು, ಆಮೇಲೆ ಕೈಯಲ್ಲಿ ಹಿಡಿಯುವ ವೃತ್ತಾಕಾರದ ಸ್ಯಾಂಡರ್‌ನಿಂದ 60, 80, 100, 120 ಎಂದು ಯಾವ ಮೆಟ್ಟಿಲನ್ನೂ ಬಿಡದೆ ನಡೆದೆವು. ಹಳೆಯ ವಾರ್ನಿಶ್ ಮತ್ತು ಹೊಸ ಮರದ ಗಡಿ ಯಾವಾಗಲೂ ಹಲಗೆಯ ಸಂದಿನಲ್ಲೇ ಬರುವಂತೆ ನೋಡಿಕೊಂಡೆವು. ಪಾಲಿಯುರೆಥೇನ್ ಅರಗಿನಂತೆ ಹಳೆಯ ಪದರದೊಂದಿಗೆ ಕರಗಿ ಬೆರೆಯುವುದಿಲ್ಲ, ಹಲಗೆಯ ನಡುವೆ ನಿಲ್ಲಿಸಿದರೆ ಗೆರೆ ಶಾಶ್ವತವಾಗಿ ಕಾಣುತ್ತದೆ. ಹನ್ನೊಂದು ಸಾಲಿಗೆ ಎರಡು ಕೋಟ್ ಆದ ಮೇಲೆ ಇಡೀ ನೆಲವನ್ನು 180ರ ಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಪುಡಿ ಹೀರಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಕೊನೆಯ ಒಂದು ಕೋಟನ್ನು ಗೋಡೆಯಿಂದ ಗೋಡೆಗೆ ಒಮ್ಮೆಲೇ ಎಳೆದೆವು. ಬೀಟೆಯ ಅಂಚಿನಲ್ಲಿ ಅರಗಿನ ಪದರ ತೆರೆದುಕೊಳ್ಳದಂತೆ ಅಲ್ಲಿ ಕೈಯಿಂದ, ಭಾರ ಹಾಕದೆ ಉಜ್ಜಿದೆವು.

ಹೊಸದಾಗಿ ಹೆರೆದ ಹನ್ನೊಂದು ಸಾಲು ಮೊದಲ ತಿಂಗಳುಗಳಲ್ಲಿ ತಿಳಿಯಾಗಿ ಬೇರೆಯೇ ಕಾಣುತ್ತಿದ್ದವು, ಈಗ ಬೆಳಕಿಗೆ ಮಾಗಿ ಉಳಿದವುಗಳ ಬಣ್ಣಕ್ಕೆ ಹತ್ತಿರ ಬಂದಿವೆ. ಆ ಬಳಿಕ ಎರಡು ಮಳೆಗಾಲ ಕಳೆದಿದೆ. ಅಕ್ಕ ಈಗಲೂ ಕ್ಯಾಲೆಂಡರಿನಲ್ಲಿ ಎರಡು ಅಂಕಿ ಬರೆಯುತ್ತಾಳೆ, ಮೇ ಕೊನೆಯಲ್ಲಿ ಜಾಲರಿಗಳ ಮುಂದೆ ಬೆಳೆದ ಹುಲ್ಲು ಕೀಳಿಸುತ್ತಾಳೆ. ಕಳೆದ ಜುಲೈಯಲ್ಲಿ ಮೇಲೆ 16, ಕೆಳಗೆ 17.5 ಇತ್ತು. ಬಾಗಿಲ ಬಳಿಯ ತಗ್ಗು ಹಗಲಿನಲ್ಲಿ ಕಾಣುವುದಿಲ್ಲ. ಸಂಜೆ ಐದರ ಸುಮಾರಿಗೆ ಪಶ್ಚಿಮದ ಕಿಟಕಿಯಿಂದ ಬಿಸಿಲು ನೆಲವನ್ನು ಸವರಿಕೊಂಡು ಬರುವ ಹತ್ತು ನಿಮಿಷ, ಆರು ಅಡಿ ಉದ್ದಕ್ಕೆ ಹರಡಿದ ಆ ಇಳಿಜಾರಿನ ನೆರಳು ತೆಳುವಾಗಿ ಬೀಳುತ್ತದೆ.